ನಾಲ್ಕು ತೂತು ಸರಿಯಿದ್ದರೆ ಹಲಗೆ ಅಲುಗದು

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳೆಯ ಮನೆಗಳಲ್ಲಿ ಪುಸ್ತಕದ ಜಾಗವೆಂದರೆ ದಪ್ಪ ಗೋಡೆಯಲ್ಲಿ ಬಿಟ್ಟ ಮಾಡ, ಇಲ್ಲವೇ ಗೋಡೆಗೆ ಕೂಡಿಸಿದ ಶಹಾಬಾದ್ ಫರಸಿ ಕಲ್ಲು. ಫರಸಿಗೆ ಗೆದ್ದಲಿನ ಭಯವಿಲ್ಲ, ಭಾರಕ್ಕೆ ಬಾಗುವ ಚಿಂತೆಯಿಲ್ಲ. ಇರುವ ಕೊರತೆ ಒಂದೇ: ಒಮ್ಮೆ ಕೂಡಿಸಿದ ಕಲ್ಲು ಮೇಲೆ ಕೆಳಗೆ ಸರಿಯುವುದಿಲ್ಲ.

ಓದುವ ಮಕ್ಕಳ ಪುಸ್ತಕಗಳಾದರೋ ವರ್ಷವರ್ಷವೂ ಬೇರೆ. ಚಿಕ್ಕ ನೋಟುಬುಕ್ಕಿನ ಜಾಗಕ್ಕೆ 297 ಮಿ.ಮೀ. ಎತ್ತರದ ಎ-4 ರೆಕಾರ್ಡು ಬರುತ್ತದೆ, ಅದರ ಹಿಂದೆ ದಪ್ಪ ನಿಘಂಟು, ಸ್ಪರ್ಧಾತ್ಮಕ ಪರೀಕ್ಷೆಯ ಗ್ರಂಥಗಳು. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇದೆ. ಒಂದನೆಯ ತರಗತಿಯಿಂದ ಅಲ್ಲಿಯವರೆಗೂ ಒಂದೇ ಕಪಾಟು ಸಾಲಬೇಕಾದರೆ ಅದರ ಹಲಗೆಗಳು ಸರಿಯುವಂತಿರಬೇಕು. ಎರಡೂ ಬದಿಯ ಪಕ್ಕಹಲಗೆಗಳಲ್ಲಿ ಸಾಲು ತೂತು ಕೊರೆದು, ಬೇಕಾದಲ್ಲಿ ಪಿನ್ನು ಸಿಕ್ಕಿಸಿ, ಮೇಲೆ ಹಲಗೆ ಇಟ್ಟರಾಯಿತು. ರಜೆಯಲ್ಲಿ ತಂದೆ-ಮಕ್ಕಳು ಕೂಡಿ ಮಾಡಬಹುದಾದ ಕೆಲಸ.

ಒಲೆಯ ಪಾಠ

ಮೂರು ಕಲ್ಲಿನ ಒಲೆಯ ಮೇಲೆ ಗಡಿಗೆ ಅಲುಗುವುದಿಲ್ಲ. ಏಕೆಂದರೆ ಒಂದೇ ಗೆರೆಯಲ್ಲಿರದ ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ. ಕಪಾಟಿನ ಹಲಗೆಗೆ ಆಧಾರ ನಾಲ್ಕು. ನಾಲ್ಕನೆಯದು 1 ಮಿ.ಮೀ. ಏರುಪೇರಾದರೂ ಹಲಗೆ ತಕಪಕ ಎನ್ನುತ್ತದೆ.

ಅಳತೆಪಟ್ಟಿ ಹಿಡಿದು ಒಂದು ತೂತಿನಿಂದ ಮುಂದಿನದಕ್ಕೆ ಗುರುತು ಹಾಕುತ್ತ ಹೋದರೆ ಏನಾಗುತ್ತದೆ? ಪ್ರತಿ ಸಲ ಅರ್ಧ ಮಿ.ಮೀ. ತಪ್ಪು ಒಂದೇ ಕಡೆಗೆ ಸರಿದರೂ 20 ತೂತುಗಳಾಗುವಷ್ಟರಲ್ಲಿ 10 ಮಿ.ಮೀ. ಆಗಿರುತ್ತದೆ!

ಇದಕ್ಕೆ ಮದ್ದು ಅಚ್ಚುಪಟ್ಟಿ. ಪಕ್ಕಹಲಗೆಯಷ್ಟೇ ಉದ್ದದ, 12 ಮಿ.ಮೀ. ದಪ್ಪದ ಪ್ಲೈವುಡ್ ಪಟ್ಟಿಯಲ್ಲಿ ಸಾಲಾಗಿ 5 ಮಿ.ಮೀ. ತೂತುಗಳನ್ನು ಕೊರೆಯಬೇಕು. ಸ್ಟ್ಯಾಂಡಿಗೆ ಕೂಡಿಸಿದ ಡ್ರಿಲ್ ಇರುವ ಅಂಗಡಿಯಲ್ಲಿ ಕೊರೆಸಿದರೆ ತೂತು ನೆಟ್ಟಗಿರುತ್ತದೆ. ಯುರೋಪಿನ ಕಾರ್ಖಾನೆಗಳ ರೂಢಿಯಲ್ಲಿ ತೂತಿನಿಂದ ತೂತಿಗೆ 32 ಮಿ.ಮೀ. ಅಂತರ. ಮನೆಯ ಕಪಾಟಿಗೆ 3 ಸೆಂ.ಮೀ. ಆದರೂ ನಡೆದೀತು. ನಾಲ್ಕೂ ಸಾಲುಗಳನ್ನು ಅದೇ ಪಟ್ಟಿಯಿಂದ ಕೊರೆಯುವುದೇ ಗುಟ್ಟು. ಪಟ್ಟಿಯ ಏಳನೆಯ ತೂತು ಸ್ವಲ್ಪ ತಪ್ಪಿದ್ದರೂ ಆ ತಪ್ಪು ನಾಲ್ಕೂ ಕಡೆ ಒಂದೇ ಆಗಿರುವುದರಿಂದ ಹಲಗೆ ಸಮವಾಗಿಯೇ ಕೂಡುತ್ತದೆ. ಪಟ್ಟಿ ತಲೆಕೆಳಗಾದರೆ ಮಾತ್ರ ಲೆಕ್ಕವೆಲ್ಲ ತಪ್ಪುತ್ತದೆ. ಆದ್ದರಿಂದ ಅದರ ಒಂದು ತುದಿಗೆ 'ಕೆಳಗೆ' ಎಂದು ದೊಡ್ಡದಾಗಿ ಬರೆದಿಡಿ.

ಕೊರೆಯುವಾಗ

ಕಪಾಟು ಜೋಡಿಸುವ ಮೊದಲೇ ಪಕ್ಕಹಲಗೆಗಳನ್ನು ನೆಲದ ಮೇಲೆ ಮಲಗಿಸಿ ಕೊರೆಯಬೇಕು. ಮುಂಭಾಗದ ಅಂಚಿನಿಂದ ಸುಮಾರು 4 ಸೆಂ.ಮೀ. ಒಳಗೆ ಒಂದು ಸಾಲು, ಹಿಂಭಾಗದಲ್ಲಿ ಅಷ್ಟೇ ದೂರಕ್ಕೆ ಇನ್ನೊಂದು. ಪಟ್ಟಿಯ ಕೆಳತುದಿ ಹಲಗೆಯ ಕೆಳತುದಿಗೆ ಸಮನಾಗಿರಲಿ. ಮೊದಲ ತೂತು ಕೊರೆದೊಡನೆ ಅದರಲ್ಲೊಂದು ಪಿನ್ನು ತೂರಿಸಿದರೆ ಪಟ್ಟಿ ಜಾರುವುದಿಲ್ಲ.

ಹಲಗೆ 18 ಮಿ.ಮೀ. ದಪ್ಪವಿದ್ದರೆ ತೂತಿನ ಆಳ 11 ಮಿ.ಮೀ. ಸಾಕು. ಪಟ್ಟಿಯ 12 ಸೇರಿ 23 ಮಿ.ಮೀ. ಆಯಿತು. ಡ್ರಿಲ್ಲಿನ ಮೊನೆಯಿಂದ ಅಷ್ಟು ದೂರಕ್ಕೆ ಬಣ್ಣದ ಟೇಪು ಸುತ್ತಿ. ಟೇಪು ಪಟ್ಟಿಗೆ ತಾಗಿದೊಡನೆ ನಿಲ್ಲಿಸಿ. ಇಲ್ಲದಿದ್ದರೆ ಮೊನೆ ಆಚೆ ಬದಿಗೆ ಹೊರಟೀತು. ಯಂತ್ರ ದೊಡ್ಡವರ ಕೈಯಲ್ಲಿರಲಿ, ಅಳತೆ ಮತ್ತು ಎಣಿಕೆ ಮಕ್ಕಳ ಪಾಲಿಗೆ. ಕಣ್ಣಿಗೆ ಕನ್ನಡಕ ಇಬ್ಬರಿಗೂ ಬೇಕು.

ಭಾರದ ಲೆಕ್ಕ

ಹಲಗೆಯ ಉದ್ದವನ್ನು ಎರಡು ಪಟ್ಟು ಮಾಡಿ ತುಂಬ ಪುಸ್ತಕ ಜೋಡಿಸಿದರೆ ಅದು ನಡುವೆ ಬಾಗುವುದು 16 ಪಟ್ಟು! 18 ಮಿ.ಮೀ. ಪ್ಲೈವುಡ್ಡಿಗೆ 60ರಿಂದ 75 ಸೆಂ.ಮೀ. ಉದ್ದವೇ ಕ್ಷೇಮ. ಎಲ್ಲ ಹಲಗೆಗಳೂ ಸರಿಯುವಂತಿದ್ದರೆ ಪಕ್ಕಹಲಗೆಗಳು ಹೊರಕ್ಕೆ ಉಬ್ಬಿ, ಪಿನ್ನಿನ ಮೇಲಿನ ಹಲಗೆ ಜಾರಿ ಬೀಳಬಹುದು. ಅದಕ್ಕೇ ತಳ, ತಲೆ ಮತ್ತು ನಡುವಿನ ಒಂದು ಹಲಗೆಯನ್ನು ಸ್ಕ್ರೂ ಹಾಕಿ ಬಿಗಿಯಬೇಕು. ಪುಸ್ತಕ ತುಂಬಿದ ಕಪಾಟು ಮಗುವಿನ ಮೇಲೆ ಉರುಳಿದರೆ ಅನಾಹುತ. ಗೋಡೆಗೆ ಕಟ್ಟುವುದನ್ನು ಎಂದೂ ಮರೆಯಬಾರದು. ಗೆದ್ದಲಿನ ಕಾಟ ತಡೆಯಲು ಕಪಾಟಿನ ಅಡಿಗೆ ಎರಡು ಫರಸಿ ತುಂಡು ಇಟ್ಟು, ಆಗಾಗ ಬಗ್ಗಿ ನೋಡುತ್ತಿರಬೇಕು.

ಹೀಗೆ ನಿಂತ ಕಪಾಟಿನಲ್ಲಿ ಚಿಕ್ಕವರ ಪುಸ್ತಕ ಅವರ ಕೈಗೆಟಕುವಲ್ಲಿ, ದೊಡ್ಡವರದು ಮೇಲೆ. ಮಗು ಒಂದು ತರಗತಿ ಏರಿದಾಗ ಬಡಿಗೇರನನ್ನು ಕರೆಯಬೇಕಿಲ್ಲ. ನಾಲ್ಕು ಪಿನ್ನು ಕಿತ್ತು ಮೇಲಿನ ತೂತಿಗೆ ಹಾಕಿದರೆ ಸಾಕು. ಸಮತಲವೆಂದರೇನು ಎಂದು ಶಾಲೆಯಲ್ಲಿ ಕೇಳಿದರೆ, ಆ ಮಗು ಉತ್ತರವನ್ನು ಬಾಯಿಪಾಠ ಮಾಡಬೇಕಾಗಿಯೂ ಇಲ್ಲ.