ಹೂವಿಗೆ ಮೊದಲು ಕಳೆ ಕೀಳಬೇಕಾದರೆ

ಕಳೆ ಕೀಳುವ ಶ್ರಮದಾನ ಹೆಚ್ಚಾಗಿ ನಡೆಯುವುದು ಗಿಡ ಹೂ ಬಿಟ್ಟು ಎಲ್ಲರ ಕಣ್ಣಿಗೆ ಬಿದ್ದ ಮೇಲೆ. ಆಗ ಕಿತ್ತರೆ ಪರಾಗ ಕಿತ್ತವರ ಮೂಗಿಗೆ, ಬೀಜ ಮಣ್ಣಿಗೆ. ಘಟ್ಟದಾಚೆಯ ಬಯಲುಗಳನ್ನು ತುಂಬಿರುವ ಕಾಂಗ್ರೆಸ್ ಗಿಡವನ್ನೇ ನೋಡಿರಿ. ಮಳೆಗೆ ಮೊಳೆತು ಒಂದೆರಡು ತಿಂಗಳಲ್ಲೇ ಹೂ ಬಿಡುತ್ತದೆ. ಒಂದೇ ಗಿಡದಿಂದ ಸಾವಿರಾರು ಬೀಜ. ಮುಟ್ಟಿದರೆ ತುರಿಕೆ, ಉಸಿರಾಡಿದರೆ ಸೀನು, ಕೆಲವರಿಗೆ ಉಬ್ಬಸ. (ಅದಕ್ಕೆ ಕಾಂಗ್ರೆಸ್ಸೆಂದೂ ನಮ್ಮ ಗುಡ್ಡಗಳ ಕಳೆಗೆ ಕಮ್ಯುನಿಸ್ಟ್ ಪಚ್ಚವೆಂದೂ ಹೆಸರಿಟ್ಟ ಜನ ಪಕ್ಷಭೇದ ಮಾಡಿದವರಲ್ಲ!)

ಹೂ ಬಿಡುವ ಕಾಲವನ್ನು ಮುಂಚಿತವಾಗಿ ತಿಳಿಯಲು ಸಾಧ್ಯವೆ? ಸಾಧ್ಯವೆಂದು ಅಮೇರಿಕದಲ್ಲಿ ತೋರಿಸಿದ್ದಾರೆ. 2007ರಲ್ಲಿ ಅಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಫಿನಾಲಜಿ ಜಾಲವು 2009ರಿಂದ ಸ್ವಯಂಸೇವಕರ ಕೈಗೆ ಒಂದು ದಿನಚರಿಯನ್ನು ಕೊಟ್ಟಿದೆ. ಅವರು ವಿಜ್ಞಾನಿಗಳಾಗಬೇಕಿಲ್ಲ. ಆರಿಸಿಕೊಂಡ ಗಿಡವನ್ನೇ ಮತ್ತೆ ಮತ್ತೆ ನೋಡಿ ಚಿಗುರು ಬಂದಿದೆಯೆ, ಮೊಗ್ಗು ಒಡೆದಿದೆಯೆ ಎಂದು ಬರೆದರಾಯಿತು. ಪರಾಗ ಪರೀಕ್ಷೆಯಂತೂ ಮಕ್ಕಳಾಟ: ಹೂಗೊಂಚಲನ್ನು ಕಪ್ಪು ಹಾಳೆಯ ಮೇಲೆ ಮೆಲ್ಲಗೆ ಅಲುಗಿಸಿ, ಧೂಳು ಬಿದ್ದರೆ ಹೌದು, ಇಲ್ಲದಿದ್ದರೆ ಇಲ್ಲ.

ಮುಂದಿನದು ನಮ್ಮ ಏಳನೆಯ ತರಗತಿಯವರೂ ಮಾಡಬಲ್ಲ ಲೆಕ್ಕ. ಒಂದು ಗಿಡ 10 ಡಿಗ್ರಿಗಿಂತ ಕೆಳಗೆ ಬೆಳೆಯುವುದಿಲ್ಲವೆನ್ನೋಣ. ದಿನದ ಸರಾಸರಿ ಉಷ್ಣತೆ 16 ಇದ್ದರೆ ಆ ದಿನದ ಗಳಿಕೆ 6. ದಿನದಿನದ ಗಳಿಕೆಯನ್ನು ಕೂಡುತ್ತಾ ಹೋದರೆ, ಇಂತಿಷ್ಟು ಮೊತ್ತವಾದಾಗ ಹೂ ಅರಳುತ್ತದೆ. ಆ ಮೊತ್ತವೆಷ್ಟೆಂದು ಹೇಳುವುದು ನೂರಾರು ಜನರ ದಿನಚರಿ. ಎಲ್ಲ ಕಳೆಗಳಿಗೂ ಬಿಸಿಲೊಂದೇ ಸಾಲದು. ಅರಿಜೋನಾ ಮರುಭೂಮಿಯಲ್ಲಿ ಬೆಂಕಿಗೆ ಎಡೆಮಾಡುವ ಬಫೆಲ್ ಹುಲ್ಲಿಗೆ ಮಳೆಯೇ ಮುಖ್ಯ. ಹುಲ್ಲು ಹಸಿರಾಗಿದ್ದಾಗಲೇ ಔಷಧಿ ನಾಟುವುದು. ಆದ್ದರಿಂದ ಹಿಂದಿನ ವಾರಗಳ ಮಳೆಯಿಂದ ಲೆಕ್ಕ ಹಾಕಿ ಎಲ್ಲೆಲ್ಲಿ ಹಸಿರೇಳುವುದೆಂದು ಸೂಚಿಸುತ್ತಾರೆ. ಸೂಚನೆ ಸರಿಯೋ ತಪ್ಪೋ ಎಂದು ನೋಡಿ ತಿಳಿಸುವವರೂ ಸ್ವಯಂಸೇವಕರೇ.

ನಮ್ಮಲ್ಲಿ ಇಂಥದಿಲ್ಲವೆಂದು ಯಾರೂ ಭಾವಿಸಬೇಕಾಗಿಲ್ಲ. 2010ರಲ್ಲಿ ಆರಂಭವಾದ ಸೀಸನ್‌ವಾಚ್ ಯೋಜನೆಗೆ ಕೇರಳದ ಶಾಲೆಗಳ ಮಕ್ಕಳೇ ದೊಡ್ಡ ಬಲ. ವಾರಕ್ಕೊಮ್ಮೆ ಒಂದು ಮರ. ಎಲೆ, ಹೂ, ಕಾಯಿ ಇಲ್ಲವೆ, ಸ್ವಲ್ಪವೆ, ತುಂಬವೆ, ಅಷ್ಟೆ. ಕಕ್ಕೆ ಬಿಸುವಿಗೆ ಕಾಯದೆ ಮೊದಲೇ ಅರಳಿ ಉದುರುತ್ತಿದೆಯೆಂದು ಹಿರಿಯರು ಹೇಳುವ ಮಾತನ್ನು ಪರೀಕ್ಷಿಸಲು ಬೇರೆ ದಾರಿಯಾದರೂ ಏನಿದೆ? ಆದರೆ ಅದು ಮರಗಳ ಪಟ್ಟಿ. ಕಳೆಗಳಿಗೂ ಅದೇ ಕ್ರಮವನ್ನು ಹಿಡಿಯಲು ನಮ್ಮ ವಿಜ್ಞಾನ ಸಂಘಗಳಿಗೆ ಒಂದು ನೋಟುಪುಸ್ತಕ ಸಾಕು.

ತೊಡಕಿರುವುದು ಬೇರೆ ಕಡೆ. ಹೂ ಕಂಡ ದಿನ ಬರೆಯಲು ಎಲ್ಲರಿಗೂ ಉತ್ಸಾಹ. 'ಈ ವಾರ ಹೂ ಇಲ್ಲ' ಎಂದು ಬರೆಯಲು ಬೇಸರ. ಆದರೆ ಕಳೆದ ವಾರ 'ಇಲ್ಲ' ಎಂದು ಬರೆದಿದ್ದರೆ ಮಾತ್ರ ಈ ವಾರದ 'ಇದೆ' ಎಂಬುದಕ್ಕೆ ಬೆಲೆ. ಇಲ್ಲದಿದ್ದರೆ ಹೂ ನಿನ್ನೆ ಅರಳಿತೋ ಹದಿನೈದು ದಿನದ ಹಿಂದೆಯೋ ಹೇಳುವುದೆಂತು? ಓಣಂ, ಕ್ರಿಸ್ಮಸ್ ರಜೆಗಳಲ್ಲಿಯೂ ಶಾಲೆಯ ಬೇಲಿಯ ಗಿಡವನ್ನು ಯಾರು ನೋಡಬೇಕೆಂಬುದನ್ನು ರಜೆ ಕೊಡುವ ಮೊದಲೇ ಗೊತ್ತುಮಾಡಿರಬೇಕು.