ಕೀಲುವಾತವೂ ನೆಲ್ಲಿಕಾಯಿಯೂ

ಗುರುಮಠಕಲ್ ಸೀಮೆಯ ಹಳ್ಳಿಗಳಿಗೆ ಬೆಳೆಯ ಪರಿಶೀಲನೆಗೆಂದು ಹೋದಾಗ, ಗೌಡರೂ ಹಿಡುವಳಿದಾರರೂ ಕೀಟಬಾಧೆಯ ಮಾತು ಮುಗಿಸಿದೊಡನೆ ಕೀಲುಬೇನೆಯ ಮಾತನ್ನೆತ್ತುವುದುಂಟು. ನಾನು ವೈದ್ಯನಲ್ಲ. ಆದರೂ ಈ ವಿಷಯವಾಗಿ ಬರೆಯಲು ಒಂದು ಕಾರಣವುಂಟು. ಹಿಡುವಳಿದಾರರೊಬ್ಬರ ಪತ್ನಿಗೆ ಎರಡೂ ಕೈಗಳ ಬೆರಳಗೆಣ್ಣುಗಳು ಊದಿಕೊಂಡು, ಬೆಳಿಗ್ಗೆ ಎದ್ದಾಗ ಮುಷ್ಟಿ ಹಿಡಿಯಲೂ ಆಗುತ್ತಿರಲಿಲ್ಲ. ನೆಲ್ಲಿಕಾಯಿಯ ಪುಡಿಯಿಂದ ವಾಸಿಯಾಗುವುದೆಂಬ ಮಾತನ್ನು ನಂಬಿ ಮನೆಯವರು ಒಂದು ವರ್ಷ ಕಳೆದರು. ದವಾಖಾನೆಗೆ ಹೋಗುವ ವೇಳೆಗೆ ಬೆರಳುಗಳು ಸೊಟ್ಟಗಾಗಿದ್ದವು. ಅವರ ಮುಂದೆ ನೆಲ್ಲಿಯ ಗುಣವನ್ನು ಹೊಗಳಿದವರಲ್ಲಿ ನಾನೂ ಒಬ್ಬನು. ಆದುದರಿಂದ ಅದರ ಮಿತಿಯನ್ನು ಹೇಳುವ ಹೊಣೆಯೂ ನನ್ನದಾಗಿರುವುದು.

ನೆಲ್ಲಿ, ಪೇರಲ, ನಿಂಬೆ, ನುಗ್ಗೆಸೊಪ್ಪುಗಳಲ್ಲಿರುವ ‘ಸಿ’ ಜೀವಸತ್ವವನ್ನು ಹಂಗೇರಿಯ ವಿಜ್ಞಾನಿ ಸೆಂಟ್ ಗ್ಯೊರ್ಗಿಯು 1928ರಲ್ಲಿ ಬೇರ್ಪಡಿಸಿದನು. ಕೀಲುಗಳ ಮೃದ್ವಸ್ಥಿಯನ್ನೂ ಕಟ್ಟುಗಳನ್ನೂ ಹೆಣೆಯುವ ಕೊಲ್ಯಾಜೆನ್ ಎಂಬ ನಾರು ಈ ಸತ್ವವಿಲ್ಲದೆ ಗಟ್ಟಿಯಾಗಲಾರದು. ಇದು ತೀರ ಕಡಿಮೆಯಾದರೆ ಸ್ಕರ್ವಿ ರೋಗವುಂಟಾಗಿ, ಒಸಡಿನಲ್ಲಿ ರಕ್ತ ಬರುವುದು, ಕೀಲುಗಳು ನೋಯುವುವು. ಆ ನೋವು ಹಣ್ಣುಗಳಿಂದ ಗುಣವಾಗುವುದು ನಿಶ್ಚಯ.

ಆಮವಾತದ ಸಂಗತಿ ಬೇರೆ. ಅದರಲ್ಲಿ ದೇಹದ ರಕ್ಷಣಾಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ತಿರುಗಿ ಬೀಳುವುದು. ಇಂಥ ರೋಗಿಗಳ ರಕ್ತದಲ್ಲಿ ‘ಸಿ’ ಸತ್ವವು ಕಡಿಮೆಯಿರುವುದನ್ನು ವೈದ್ಯರು ಬಹುಕಾಲದಿಂದ ಕಂಡಿರುವರು. ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಶೋಧನೆಯಲ್ಲಿ, ಈ ಸತ್ವವನ್ನು ಅತಿ ಕಡಿಮೆ ಸೇವಿಸುತ್ತಿದ್ದವರಿಗೆ ಹಲವು ಕೀಲುಗಳ ಉರಿಯೂತವು ಮೂರು ಪಾಲಿಗಿಂತಲೂ ಹೆಚ್ಚಾಗಿ ತಗುಲಿದುದು ಕಂಡುಬಂದಿತು. ಆದರೆ ಇದರಿಂದ ನೆಲ್ಲಿಯು ರೋಗವನ್ನು ಕಳೆಯುವುದೆಂದು ಸಿದ್ಧವಾಗದು. ಉರಿಯೂತವೇ ಈ ಸತ್ವವನ್ನು ಖರ್ಚುಮಾಡುವುದುಂಟು. ನೆಟೆರೋಗ ಹತ್ತಿದ ತೊಗರಿಯ ಎಲೆ ಹಳದಿಯಾಯಿತೆಂದು ಯೂರಿಯಾ ಚೆಲ್ಲಿದರೆ ಗಿಡ ಉಳಿಯುವುದೇ?

ಆದುದರಿಂದ ಎರಡೂ ಕೈಗಳ ಸಣ್ಣ ಕೀಲುಗಳು ಊದಿಕೊಂಡು, ಬೆಳಗಿನ ಬಿಗಿತವು ಗಂಟೆಗಟ್ಟಲೆ ಬಿಡದೆ, ಕೆಲವು ವಾರ ಮುಂದುವರಿದರೆ ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು. ಔಷಧವನ್ನು ಬೇಗ ಆರಂಭಿಸಿದಷ್ಟೂ ಕೀಲು ಉಳಿಯುವುದು. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಸಂದೇಹವನ್ನೂ ಪರಿಹರಿಸಿಕೊಳ್ಳಬೇಕು. ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದ್ದು, ಅದರಿಂದಲೂ ಬೆನ್ನು, ಕೀಲುಗಳು ಬಿಗಿಯುವುವು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕುದಲ್ಲ. ಊರಿನ ಹಿರಿಯರು ನೀರನ್ನು ಪರೀಕ್ಷೆಗೆ ಕಳುಹಿಸಬಲ್ಲರು. ಒಂಟಿ ರೋಗಿಯಿಂದ ಅದಾಗದು.

ಹಾಗಾದರೆ ನೆಲ್ಲಿ ಬೇಡವೇ? ಬೇಕು, ಆಹಾರವಾಗಿ. ಜೋಳದ ರೊಟ್ಟಿಯಲ್ಲಿಯೂ ತೊಗರಿಬೇಳೆಯಲ್ಲಿಯೂ ಈ ಸತ್ವವು ಇಲ್ಲವೆನ್ನಬಹುದು. ಹುಣಿಸೆಯು ಹುಳಿಯಾದರೂ ಅದರಲ್ಲಿರುವುದು ಅತ್ಯಲ್ಪ. ಗಂಡಸಿಗೆ ದಿನಕ್ಕೆ 80 ಮಿಲಿಗ್ರಾಂ ಸಾಕು. ಒಂದೆರಡು ಹಸಿ ನೆಲ್ಲಿಕಾಯಿಯಿಂದ ಅಷ್ಟು ದೊರೆಯುವುದು. ಕುದಿಸಿದರೆ ಸತ್ವ ನಷ್ಟವಾಗುವುದರಿಂದ ನಿಂಬೆರಸವನ್ನು ಪಲ್ಯ ಇಳಿಸಿದ ಮೇಲೆ ಹಿಂಡತಕ್ಕದ್ದು. ಮೂತ್ರಪಿಂಡದಲ್ಲಿ ಕಲ್ಲಾದವರು ವೈದ್ಯರನ್ನು ಕೇಳದೆ ಗುಳಿಗೆಗಳನ್ನು ನುಂಗಬಾರದು.

ನೀರು ನಿಲ್ಲುವ ಎರೆ ನೆಲದಲ್ಲಿ ನೆಲ್ಲಿ ಸೊರಗುವುದು. ಬಸಿಯುವ ಮಸಾರಿ ನೆಲ ಉತ್ತಮ. ಕಸಿಗಿಡಗಳು ನಾಲ್ಕೈದು ವರ್ಷಕ್ಕೆ ಫಲಕ್ಕೆ ಬರುವುವು. ಒಂದೇ ತಳಿಯನ್ನು ನೆಟ್ಟರೆ ಕಾಯಿ ಸರಿಯಾಗಿ ಕಟ್ಟದಿರಬಹುದಾದ ಕಾರಣ, ಹಿತ್ತಿಲಾದರೂ ಸರಿ, ಎರಡು ತಳಿಗಳನ್ನು ಜೊತೆಯಾಗಿ ಹಚ್ಚತಕ್ಕದ್ದು.