ಮೂತಿ ಎತ್ತಿದ ಟ್ರ್ಯಾಕ್ಟರ್, ಮೈಮರೆತ ಮಂದಿ!

ಮಾದನಹಿಪ್ಪರಗಾ: ಕಾರ ಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಬಳಿದು ಕರಿ ಹರಿಯುವ ಸೀಮೆ ಇದು. ಯಾರ ಎತ್ತು ಮುಂದೆ ಬಂತು ಎಂಬುದೇ ಒಂದು ಕಾಲಕ್ಕೆ ವಾರಗಟ್ಟಲೆ ಕಟ್ಟೆಯ ಮೇಲಿನ ಮಾತು. ಈಗ ಆ ಹಮ್ಮು ಎತ್ತಿನ ಕೋಡು ಬಿಟ್ಟು ಟ್ರ್ಯಾಕ್ಟರಿನ ಬಾನೆಟ್ ಏರಿ ಕುಂತಿದೆ. ಯಾರ ಗಾಡಿ ಎಷ್ಟು ಜಗ್ಗಿತು, ಯಾರ ಗಾಡಿ ಮುಂದಿನ ಗಾಲಿ ಎತ್ತಿತು ಎಂಬುದೇ ಹುಡುಗರ ಚರ್ಚೆ. ಮೊಬೈಲ್ ತೆಗೆದರೆ ಅದೇ ವಿಡಿಯೋ. ಹಿಂದೆ ಡೊಳ್ಳಿನ ಹಾಡು, ಮುಂದೆ ಹೊಗೆ ಉಗುಳುತ್ತ ಆಕಾಶಕ್ಕೆ ಮೂತಿ ಮಾಡಿದ ಟ್ರ್ಯಾಕ್ಟರ್!

ಹೊರದೇಶಗಳಲ್ಲಿ ಹೊಲದ ಕೆಲಸಕ್ಕೆಂದು ನಾಲ್ಕು ಗಾಲಿಯ ಸಣ್ಣ ಬೈಕುಗಳಿವೆ. ಮೇವು, ಬೇಲಿ ತಂತಿ ಹೇರಲು ಮಾಡಿದ ಆ ಗಾಡಿಯನ್ನು ಅಲ್ಲಿನ ಪಡ್ಡೆಗಳು ಜಿಗಿಸಿ, ಕುಣಿಸಿ ಕೈಕಾಲು ಮುರಿದುಕೊಳ್ಳುತ್ತಾರೆ. ಪಲ್ಟಿಯಾಗಿ ಸತ್ತವರ ಲೆಕ್ಕ ನೋಡಿಯೇ ಆಸ್ಟ್ರೇಲಿಯಾ ಸರಕಾರ 2021ರ ಅಕ್ಟೋಬರ್‌ನಿಂದ ಹೊಸ ಗಾಡಿಗಳಿಗೆ ಸವಾರನನ್ನು ಕಾಯುವ ಕಮಾನು ಕಡ್ಡಾಯ ಮಾಡಿತು. ನಮ್ಮ ಕಡೆ ಆ ಗಾಡಿಯ ಜಾಗದಲ್ಲಿರುವುದು ಟ್ರ್ಯಾಕ್ಟರ್. ಹುಚ್ಚು ಮಾತ್ರ ಅದೇ.

ಗಾಲಿ ಎತ್ತುವುದು ಡ್ರೈವರನ ಗಂಡಸ್ತನ ಎಂದು ಸಿಳ್ಳೆ ಹೊಡೆಯುವವರು ಒಂದು ಸಂಗತಿ ತಿಳಿಯಬೇಕು. ಬಂಡಿ ಹೂಡಿದವರಿಗೆ ಇದು ಹೊಸದಲ್ಲ. ಹೇರು ಹಿಂದಕ್ಕೆ ಜಾಸ್ತಿಯಾದರೆ ನೊಗ ಎತ್ತಿನ ಹೆಗಲು ಬಿಟ್ಟು ಮೇಲೇಳುತ್ತದೆ, ಅಲ್ಲವೇ? ಟ್ರ್ಯಾಕ್ಟರಿನ ಕತೆಯೂ ಅಷ್ಟೇ. ಅದರ ಭಾರದ ಹೆಚ್ಚಿನ ಪಾಲು ಇರುವುದೇ ಹಿಂದಿನ ಅಚ್ಚಿನ ಮೇಲೆ. ಎಂಜಿನ್ ಹಿಂದಿನ ಗಾಲಿ ತಿರುಗಿಸಲು ಹೊರಡುತ್ತದೆ. ಗಾಲಿ ಕೆಸರಲ್ಲಿ ಕಚ್ಚಿಕೊಂಡಿದ್ದರೆ, ಇಲ್ಲವೆ ಹಿಂದಿನ ಹೇರು ಬಿಡದೆ ಜಗ್ಗಿ ಹಿಡಿದರೆ, ತಿರುಗಬೇಕಾದ ಗಾಲಿ ತಿರುಗದೆ ಗಾಡಿಯ ಮೈಯೇ ಅಚ್ಚಿನ ಸುತ್ತ ತಿರುಗಲು ನೋಡುತ್ತದೆ. ಮೂತಿ ಏಳುವುದು ಹಾಗೆ. ಒಂದು ಅಂದಾಜು ದಾಟಿತೋ, ಕ್ಲಚ್ ಒತ್ತಲೂ ಪುರಸೊತ್ತಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಗಾಡಿ ಅಂಗಾತ, ಡ್ರೈವರ್ ಅದರ ಕೆಳಗೆ.

ಸರಪಳಿಯನ್ನು ಕೆಳಗಿನ ಕೊಕ್ಕೆಗೆ ಹಾಕದೆ ಅಚ್ಚಿಗಿಂತ ಮೇಲೆ ಕಟ್ಟಿ ಜಗ್ಗಿಸಿದರಂತೂ ಯಮನಿಗೆ ವೀಳ್ಯ ಕೊಟ್ಟಂತೆ. ಪಂದ್ಯದ ಗದ್ದಲದಲ್ಲಿ ಇದನ್ನು ನೋಡುವವರಾರು?

ಜಾತ್ರೆಯ ಮಾತು ಬಿಡಿ, ಅದು ವರ್ಷಕ್ಕೊಮ್ಮೆ. ಬಸ್ಸಿನವರಿಗೆ ದಿನಾ ಎದುರಾಗುವುದು ಕಬ್ಬಿನ ಗಾಡಿ. ಹಂಗಾಮು ಶುರುವಾದರೆ ಭೂಸನೂರ ಕಡೆ, ಅಫಜಲಪುರದ ಹಾವಳಗಾ ಕಡೆ ಕಾರ್ಖಾನೆಗೆ ಸಾಲುಸಾಲು ಟ್ರ್ಯಾಕ್ಟರ್. ಒಂದರ ಹಿಂದೆ ಎರಡು ಟ್ರೇಲರ್. ಕೂಲಿ ಟನ್ನಿನ ಲೆಕ್ಕದಲ್ಲಿ, ಹಾಗಾಗಿ ಹೇರಿದಷ್ಟೂ ಲಾಭ. ಏರು ಬಂತೆಂದರೆ ಮುಂದಿನ ಗಾಲಿ ನೆಲ ಬಿಟ್ಟು ತೂಗಾಡುತ್ತದೆ. ಇಲ್ಲಿ ಪಂದ್ಯವಿಲ್ಲ, ಸಿಳ್ಳೆಯಿಲ್ಲ. ಗಾಲಿ ಎದ್ದದ್ದು ಮಾತ್ರ ಅದೇ ಕಾರಣಕ್ಕೆ.

ಮುಂದಿನ ಗಾಲಿ ನೆಲದ ಮೇಲಿಲ್ಲ ಅಂದರೆ ಸ್ಟೇರಿಂಗ್ ಇದ್ದೂ ಇಲ್ಲದಂತೆ. ಆಗ ಡ್ರೈವರನ ಕೈಗೆ, ಅಲ್ಲ ಕಾಲಿಗೆ, ಉಳಿಯುವುದು ಬ್ರೇಕ್ ಒಂದೇ. ಟ್ರ್ಯಾಕ್ಟರಿಗೆ ಎಡ ಗಾಲಿಗೊಂದು, ಬಲ ಗಾಲಿಗೊಂದು ಬೇರೆ ಬೇರೆ ಬ್ರೇಕ್ ಇರುವುದು ಹೊಲದಲ್ಲಿ ಸಣ್ಣ ಜಾಗದಲ್ಲಿ ಹೊರಳಲಿ ಎಂದು. ರಸ್ತೆಗೆ ಬಂದಾಗ ಎರಡನ್ನೂ ಕೂಡಿಸಿ ಚಿಲಕ ಹಾಕಬೇಕು ಎಂಬುದು ನಿಯಮ. ನಮ್ಮವರು ಚಿಲಕ ತೆಗೆದು ಒಂದೊಂದೇ ಒತ್ತುತ್ತ ಗಾಡಿಯನ್ನು ಅತ್ತಿತ್ತ ತಿರುಗಿಸುತ್ತಾರೆ. ಕೆಲವರು ಮೂತಿ ಇಳಿಯಲೆಂದು ಬಂಪರ್ ಮೇಲೆ ಕಲ್ಲು ಹೇರುತ್ತಾರೆ, ಇನ್ನು ಕೆಲವರು ಜೀವಂತ ಹುಡುಗರನ್ನೇ ಕೂರಿಸುತ್ತಾರೆ. "ಏನ್ ಆಗಲ್ಲ ಬಿಡ್ರಿ, ದಿನಾ ಹೋಗೋ ದಾರಿ ಅದ" ಎಂಬುದು ಸಿದ್ಧ ಉತ್ತರ. ಹಿಂದೆ ಬರುವ ಬಸ್ಸಿನಲ್ಲಿ ಐವತ್ತು ಮಂದಿ ಇದ್ದಾರೆ ಎಂಬುದು ಲೆಕ್ಕಕ್ಕಿಲ್ಲ. ಡೆಕ್ಕಿನ ಸದ್ದಿಗೆ ಬಸ್ಸಿನ ಹಾರ್ನ್ ಸಹ ಕೇಳಿಸದು.

ಇನ್ನು ಒಡ್ಡು ಹಾರಿಸುವ ಚಟ. ಕಾರು, ಬೈಕಿಗೆ ಸ್ಪ್ರಿಂಗ್ ಉಂಟು. ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗೆ ಸಾಮಾನ್ಯವಾಗಿ ಏನೂ ಇಲ್ಲ. ಟೈರಿನ ಗಾಳಿಯೇ ಸ್ಪ್ರಿಂಗ್. ಜಿಗಿದು ಬಿದ್ದ ಪೆಟ್ಟು ನೇರ ಮುಂದಿನ ಅಚ್ಚಿಗೆ, ಅಲ್ಲಿಂದ ಡ್ರೈವರನ ಬೆನ್ನುಹುರಿಗೆ. ಅಚ್ಚು ಗ್ಯಾರೇಜಿನಲ್ಲಿ ಸಿಗುತ್ತದೆ.

ಈ ಹುಚ್ಚಿನ ತವರು ಪಂಜಾಬ್. ಅಲ್ಲಿ ಮುಂದಿನ ಗಾಲಿ ಎತ್ತಿ ನಿಲ್ಲಿಸಿದ ಟ್ರ್ಯಾಕ್ಟರನ್ನು ಬುಗುರಿಯಂತೆ ಸುತ್ತಿಸಿ, ಡ್ರೈವರ್ ಕೆಳಗಿಳಿದು ಮತ್ತೆ ಏರುವ ಆಟ ಗ್ರಾಮೀಣ ಕ್ರೀಡಾಮೇಳಗಳಲ್ಲಿ ಭಾರೀ ಜನಪ್ರಿಯವಾಗಿತ್ತು. 2023ರ ಅಕ್ಟೋಬರ್ 28ರಂದು ಗುರುದಾಸಪುರ ಜಿಲ್ಲೆಯ ಸಾರ್ಚೂರ್ ಗ್ರಾಮದ ಮೇಳದಲ್ಲಿ ಇಂತಹ ಆಟಗಾರನೊಬ್ಬ ನೆರೆದ ಜನರ ಎದುರೇ ತನ್ನ ಟ್ರ್ಯಾಕ್ಟರಿನ ಅಡಿಗೆ ಸಿಕ್ಕು ಸತ್ತ. ನುರಿತವನು, ಅದನ್ನೇ ಕಸುಬು ಮಾಡಿಕೊಂಡವನು. ಎರಡೇ ದಿನದಲ್ಲಿ ಮುಖ್ಯಮಂತ್ರಿ ಭಗವಂತ ಮಾನ್ ಇಂತಹ ಸಾಹಸ ಪ್ರದರ್ಶನಕ್ಕೆ ನಿಷೇಧ ಹೇರಿದರು. ಕಸುಬುದಾರನ ಗತಿಯೇ ಹೀಗಾದರೆ ಮೊಬೈಲ್ ನೋಡಿ ಕಲಿತವನ ಪಾಡೇನು?

ನಮ್ಮಲ್ಲಿ ಬೈಕ್ ವ್ಹೀಲಿಂಗ್ ಬಗ್ಗೆ ಕೋರ್ಟು ಈಗಾಗಲೇ ಗುಡುಗಿದೆ. 2025ರ ಮೇ ತಿಂಗಳಲ್ಲಿ ಹೈಕೋರ್ಟು ಗಂಗಾವತಿಯ ಪ್ರಕರಣವೊಂದರಲ್ಲಿ ಜಾಮೀನು ನಿರಾಕರಿಸಿ, ಈ ಪಿಡುಗು ಮಹಾನಗರ ದಾಟಿ ಹಳ್ಳಿಗೂ ಹಬ್ಬಿದೆ, ಕಾನೂನು ಬಿಗಿಯಾಗಬೇಕು ಎಂದಿತು. ಕಾನೂನು ಇಲ್ಲವೆಂದೇನಿಲ್ಲ. ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಡಿ ಅಪಾಯಕರ ಚಾಲನೆಗೆ ಮೊದಲ ಸಲ ಆರು ತಿಂಗಳಿಂದ ಒಂದು ವರ್ಷದವರೆಗೆ ಸಜೆ, ಇಲ್ಲವೇ 1,000ದಿಂದ 5,000 ರೂ. ದಂಡ, ಇಲ್ಲವೇ ಎರಡೂ. ಮಿತಿಮೀರಿ ಹೇರಿದರೆ 20,000 ರೂ., ಮೇಲಿನ ಪ್ರತಿ ಟನ್ನಿಗೆ 2,000 ರೂ. ಬೇರೆ. ಹುಡುಗನ ಕೈಗೆ ಕೀಲಿ ಕೊಟ್ಟು ಅನಾಹುತವಾದರೆ ಅಪ್ಪನಿಗೇ ಮೂರು ವರ್ಷದವರೆಗೆ ಜೈಲು, 25,000 ರೂ. ದಂಡ. ಕಾಗದದಲ್ಲಿ ಎಲ್ಲ ಸರಿ ಇದೆ. ಆದರೆ ಕಬ್ಬಿನ ಗಾಡಿ ತಡೆದರೆ ರೈತ ಸಿಟ್ಟಾಗುತ್ತಾನೆ, ತಡೆಯದಿದ್ದರೆ ಬಸ್ಸಿನವನು ಸಾಯುತ್ತಾನೆ. ಪೊಲೀಸರು ಮೊದಲನೆಯದಕ್ಕೇ ಹೆಚ್ಚು ಅಂಜುತ್ತಾರೆ ಎಂಬುದು ಸಾರ್ವಜನಿಕರ ಅಂಬೋಣ.

ಅಂಗಡಿಯವರು, ಜಾಮೀನು ನಿಂತವರು ಗಮನಿಸಬೇಕಾದ್ದು ಇನ್ನೊಂದಿದೆ. ವಿಮೆಯ ಕಾಗದದ ಸಣ್ಣಕ್ಷರ ಓದಿದವರು ಕಮ್ಮಿ. ಪಂದ್ಯಕ್ಕೆ, ವೇಗದ ಪರೀಕ್ಷೆಗೆ ಗಾಡಿ ಬಳಸಿದರೆ ಪರಿಹಾರವಿಲ್ಲ ಎಂಬ ಷರತ್ತು ಅದರಲ್ಲಿರುತ್ತದೆ. ಬ್ಯಾಂಕಿನ ಕಂತು ಮಾತ್ರ ಗಾಡಿ ಮುರಿದರೂ ನಿಲ್ಲುವುದಿಲ್ಲ. ತೊಗರಿ ಮಾರಿದ ದುಡ್ಡಲ್ಲಿ ಕಟ್ಟಲೇಬೇಕು.

ಉಪಾಯ ಇಲ್ಲವೇ? ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರಿಗೆ ಉಕ್ಕಿನ ಕಮಾನು ಕಡ್ಡಾಯ ಮಾಡಿತು. ಪಲ್ಟಿಯಾಗಿ ಸಾಯುವವರ ಸಂಖ್ಯೆ ಅಲ್ಲಿ ಪಾತಾಳಕ್ಕೆ ಇಳಿಯಿತು. ನಮ್ಮ ಗಾಡಿಗಳ ಮೇಲಿರುವ ಚಪ್ಪರ ಬಿಸಿಲಿಗೆ ನೆರಳು, ಅಷ್ಟೇ. ಟ್ರ್ಯಾಕ್ಟರಿನ ಭಾರ ಅದು ತಡೆಯದು.

ಜಾತ್ರೆ ಕಮಿಟಿಯವರಿಗೆ ಪಂದ್ಯ ಬೇಕೇ ಬೇಕೆಂದರೆ ಟ್ರೇಲರ್ ಕಟ್ಟಿ ಹಿಂದಕ್ಕೆ ಓಡಿಸುವ ಸ್ಪರ್ಧೆ ಇದೆ. ವಿಜಯಪುರ, ಬಾಗಲಕೋಟೆ ಕಡೆ ಅದನ್ನು ನಡೆಸುತ್ತಾರೆ. ಹಿಂದೆ ನೋಡುತ್ತ, ಟ್ರೇಲರ್ ಅಡ್ಡ ಮುರಿಯದಂತೆ, ಗೆರೆ ತುಳಿಯದಂತೆ ಹೋಗುವುದೆಂದರೆ ನಿಜವಾದ ಡ್ರೈವರಿಗೂ ಬೆವರು ಇಳಿಯುತ್ತದೆ. ನಾಲ್ಕೂ ಗಾಲಿ ನೆಲದ ಮೇಲೇ ಇರ್ತಾವ. ಅದಕ್ಕೇ ಮಂದಿ ಸ್ವಲ್ಪ ಕಮ್ಮಿ ಕೂಡ್ತಾರ.